ಹಳ್ಳಿ ಹುಡುಗರಿಗೆ ಇಂಗ್ಲಿಷ್ ವ್ಯಾಕರಣ ಹತ್ತುವುದಿಲ್ಲ ಎಂಬ ಸುಳ್ಳು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಈ ನಾಲ್ಕು ತಾಲೂಕುಗಳ ಯಾವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ನಮ್ಮ ಹಳ್ಳಿ ಹುಡುಗರಿಗೆ ಇಂಗ್ಲಿಷ್ ಗ್ರಾಮರ್ ತಲಿಗೆ ಹತ್ತೂದಿಲ್ರಿ." ಪಾಲಕರೂ ಅದನ್ನೇ ನಂಬಿದ್ದಾರೆ. ಕಡಲೆ, ಹೆಸರು, ಹತ್ತಿ ಮಾರಿ ಬಂದ ದುಡ್ಡಿನಲ್ಲಿ ಮಗುವನ್ನು ಇಂಗ್ಲಿಷ್ ಮಾಧ್ಯಮದ ಶಾಲೆಯ ಹಳದಿ ವ್ಯಾನಿಗೆ ಹತ್ತಿಸುವಾಗ ಅವರ ಮನಸ್ಸಿನಲ್ಲಿರುವುದು ಇದೇ ಅಂಜಿಕೆ. ಈ ರೋಗಕ್ಕೆ ಔಷಧವೂ ಸಿದ್ಧವಾಗಿದೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡದ ಒಂದಕ್ಷರವೂ ಬಾಯಿಗೆ ಬರಬಾರದು, ಬಂದರೆ ಇಂಗ್ಲಿಷ್ ಕೆಡುತ್ತದೆ, ಅಷ್ಟೇ. ರೋಗವೂ ಸುಳ್ಳು, ಔಷಧವೂ ತಪ್ಪು. ಈ ಭಾಗದಲ್ಲಿ ವರ್ಷಾನುಗಟ್ಟಲೆ ಇಂಗ್ಲಿಷ್ ಕಲಿಸಿದವನಾಗಿ ಹೇಳುತ್ತೇನೆ: ನಮ್ಮ ಮಕ್ಕಳು ಸೋಲುವುದು ಅವರಿಗೆ ಕನ್ನಡ ಬರುತ್ತದೆಂದಲ್ಲ. ಬರುವ ಕನ್ನಡವನ್ನು ನಾವು ಕ್ಲಾಸಿನ ಬಾಗಿಲಲ್ಲೇ ತಡೆದು ನಿಲ್ಲಿಸುತ್ತೇವೆಂದು.

ದೊಡ್ಡ ವಾದಕ್ಕೆ ಸಣ್ಣ ಸಾಕ್ಷಿಯೇ ಗಟ್ಟಿ. ಅದಕ್ಕೇ ಇಂಗ್ಲಿಷ್ ವ್ಯಾಕರಣದ ಒಂದೇ ಒಂದು ಪಾಠ ಹಿಡಿಯುತ್ತೇನೆ: ಅಪೊಸಿಟಿವ್. ಹಳೆಯ ಮಾಸ್ತರರು ಇದನ್ನು 'ನೌನ್ ಇನ್ ಅಪೊಸಿಶನ್' ಅನ್ನುತ್ತಿದ್ದರು. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಓದಿದವರಿಗೆ ನೆನಪಿರಬಹುದು, ನಾಮಪದದ ವಿಭಕ್ತಿ ಹೇಳುವ ಭಾಗದಲ್ಲಿ ಚಿಕ್ಕದಾಗಿ ಬಂದು ಹೋಗುವ ವಿಷಯ. ಒಂದು ನಾಮಪದದ ಪಕ್ಕದಲ್ಲಿ ಇನ್ನೊಂದು ನಾಮಪದವೋ ನಾಮಪದದ ಗುಂಪೋ ಬಂದು ನಿಂತು, ಅದೇ ವ್ಯಕ್ತಿಯನ್ನು ಅಥವಾ ಅದೇ ವಸ್ತುವನ್ನು ಇನ್ನೊಂದು ಬಗೆಯಲ್ಲಿ ಹೇಳಿದರೆ ಅದು ಅಪೊಸಿಟಿವ್. "ಸವಾಯಿ ಗಂಧರ್ವ, ದ ಗುರು ಆಫ್ ಭೀಮಸೇನ ಜೋಶಿ, ಲಿವ್ಡ್ ಇನ್ ಕುಂದಗೋಳ" ಅಂದಾಗ ನಡುವಿನ ಗುಂಪು ಸವಾಯಿ ಗಂಧರ್ವರನ್ನೇ ಮತ್ತೊಮ್ಮೆ ಹೇಳುತ್ತದೆ. ವಿಷಯ ಇಷ್ಟೇ. ಇಷ್ಟು ಸಣ್ಣದು ಗಟ್ಟಿಯಾಗದೆ, ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಬ್ಯಾಂಕಿನ ಪರೀಕ್ಷೆಗೆ, ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ನಮ್ಮ ಊರುಗಳ ಹುಡುಗರು ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಅಪೊಸಿಟಿವ್ ಅಂದರೇನೆಂದು ಕೇಳಿದರೆ ಬಾಯಿಪಾಠ ಒಪ್ಪಿಸುತ್ತಾರೆ: ಎರಡು ಕಾಮಾಗಳ ನಡುವೆ ಇದ್ದದ್ದು.

ಈ ಬಾಯಿಪಾಠದಷ್ಟು ಕೇಡು ಮಾಡಿದ್ದು ಮತ್ತೊಂದಿಲ್ಲ. "ಕಮ್, ಶಿವಪ್ಪ, ಸಿಟ್ ಹಿಯರ್" ಅನ್ನುವಲ್ಲಿ ಶಿವಪ್ಪ ಎರಡು ಕಾಮಾಗಳ ನಡುವೆಯೇ ಇದ್ದಾನೆ. ಆದರೆ ಅದು ಕರೆಯುವ ಮಾತು, ಸಂಬೋಧನೆ. "ಶಿವಪ್ಪ, ಟಾಯರ್ಡ್ ಆಫ್ಟರ್ ದ ಹಾರ್ವೆಸ್ಟ್, ಸ್ಲೆಪ್ಟ್ ಅರ್ಲಿ" ಅನ್ನುವಲ್ಲಿ ಕಾಮಾಗಳ ನಡುವಿನದು ಸುಗ್ಗಿ ಮಾಡಿ ದಣಿದ ಶಿವಪ್ಪನ ಸ್ಥಿತಿ ಹೇಳುತ್ತದೆ, ಅವನು ಯಾರೆಂದು ಹೇಳುವುದಿಲ್ಲ. ಇನ್ನು "ಮೈ ಬ್ರದರ್ ಬಸವರಾಜ ವರ್ಕ್ಸ್ ಇನ್ ಹುಬ್ಬಳ್ಳಿ" ಅನ್ನುವ ವಾಕ್ಯದಲ್ಲಿ ಕಾಮಾ ಅನ್ನುವುದೇ ಇಲ್ಲ, ಆದರೆ 'ಬಸವರಾಜ' ಪಕ್ಕಾ ಅಪೊಸಿಟಿವ್. ಕಾಮಾ ನೋಡಿ ಗುರುತು ಹಿಡಿಯುವವನು ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಹಿಡಿಯುತ್ತಾನೆ.

ಇಂಥ ಸೂತ್ರ ಯಾಕೆ ಹುಟ್ಟುತ್ತದೆ? ಅರ್ಥದ ಬಗ್ಗೆ ಮಾತಾಡಲು ಮಗುವಿಗೆ ಒಂದು ಭಾಷೆ ಬೇಕು. ಎಂಟನೆಯ ಇಯತ್ತೆಯ ಹುಡುಗಿಯ ಇಂಗ್ಲಿಷ್ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ, ಕನ್ನಡ ಆಡಲು ಪರವಾನಗಿ ಇಲ್ಲ. ಆಗ ಉಳಿಯುವುದು ಕಣ್ಣಿಗೆ ಕಾಣುವ ಚಿಹ್ನೆ ಮಾತ್ರ. 'ಇದು ಯಾರು, ಅದು ಯಾರು, ಇಬ್ಬರೂ ಒಬ್ಬರೇ ಹೌದೋ ಅಲ್ಲವೋ' ಎಂದು ಕೇಳಬೇಕಾದಲ್ಲಿ ಮಾಸ್ತರರು 'ಕಾಮಾ ಎಲ್ಲಿದೆ' ಎಂದು ಕೇಳುತ್ತಾರೆ. ಕನ್ನಡ ಬೇಡ ಅನ್ನುವ ಕಟ್ಟಳೆ ಇಂಗ್ಲಿಷನ್ನು ಬೆಳೆಸಲಿಲ್ಲ, ಅರ್ಥವನ್ನೇ ಕ್ಲಾಸಿನಿಂದ ಓಡಿಸಿತು.

ಮತ್ತೆ, ಅಪೊಸಿಟಿವ್ ನಮ್ಮ ಮಕ್ಕಳಿಗೆ ಹೊಸದೇ? ಯಾವುದೇ ಹಳ್ಳಿಯ ಅಗಸಿ ಕಟ್ಟೆಯ ಮುಂದೆ ಹುಡುಗನೊಬ್ಬ ಹಾದುಹೋಗಲಿ, ಕೂತ ಹಿರಿಯರು ಕೇಳುತ್ತಾರೆ: "ಯಾರಪಾ ನೀ?" "ಬಸ್ಯಾ ರೀ" ಅಂದರೆ ಅಷ್ಟಕ್ಕೇ ಬಿಡುವುದಿಲ್ಲ. "ಯಾವ ಬಸ್ಯಾ?" "ಗಿರಣಿ ಮಲ್ಲಪ್ಪನ ಮಗಾ ರೀ." ಬರೀ ಹೆಸರಿನಿಂದ ನಮ್ಮಲ್ಲಿ ಯಾರ ಗುರುತೂ ಹತ್ತುವುದಿಲ್ಲ. ಗಿರಣಿ ಮಲ್ಲಪ್ಪ, ಸೊಸಾಯಿಟಿ ಈರಪ್ಪ, ಮಾಸ್ತರ ಹನುಮಂತಪ್ಪ. ಹೆಸರಿಗೆ ಇನ್ನೊಂದು ನಾಮಪದ ಹಚ್ಚದೆ ಇಲ್ಲಿ ಮಾತೇ ಸಾಗದು. ನಮ್ಮ ಅಡ್ಡಹೆಸರುಗಳನ್ನು ನೋಡಿ: ಬಡಿಗೇರ, ಕಮ್ಮಾರ, ಹೂಗಾರ, ಪೂಜಾರ, ತಳವಾರ. ಶಿವಪ್ಪ ಬಡಿಗೇರ ಅಂದಾಗ ಹೆಸರಿನ ಬೆನ್ನಿಗೇ ಅವನ ಮನೆತನದ ಕಸುಬು ಬಂದು ನಿಂತಿದೆ. ಇಂಗ್ಲಿಷಿನ ವರಸೆಯೂ ಇದೇ: ಮೊದಲು ಹೆಸರು, ಹಿಂದಿನಿಂದ ಅವನು ಯಾರೆಂಬ ವಿವರ.

ಕನ್ನಡದಲ್ಲಿ ವಿವರ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ, ಆದ್ದರಿಂದ ಎರಡಕ್ಕೂ ತಾಳೆಯಾಗದು ಎಂದು ಕೆಲವರು ವಾದಿಸುತ್ತಾರೆ. ಪುಸ್ತಕದ ಕನ್ನಡದ ಮಟ್ಟಿಗೆ ಇದು ನಿಜ. 'ಭೀಮಸೇನ ಜೋಶಿಯವರ ಗುರುಗಳಾದ ಸವಾಯಿ ಗಂಧರ್ವರು' ಎಂದೇ ನಾವು ಬರೆಯುವುದು. ಆದರೆ ಆಡುವ ಮಾತನ್ನು ಕಿವಿಗೊಟ್ಟು ಕೇಳಿದವರು ಈ ವಾದ ಹೂಡಲಾರರು. "ಮುಂಜಾನೆ ಬಸ್ಯಾ ಬಂದಿದ್ದ ನೋಡ, ಆ ಗಿರಣಿ ಮಲ್ಲಪ್ಪನ ಮಗಾ." ಹೆಸರು ಹೇಳಿ, ಕೇಳುವವರಿಗೆ ಗುರುತು ಹತ್ತಲಿಲ್ಲವೆಂದು ಕಂಡಕೂಡಲೇ ವಿವರವನ್ನು ಹಿಂದಿನಿಂದ ಹಚ್ಚುವುದು ನಮ್ಮ ಅವ್ವಂದಿರ ನಿತ್ಯದ ರೂಢಿ. ಪುಸ್ತಕದ ಕನ್ನಡಕ್ಕಿಂತ ಹಳ್ಳಿಯ ಬಾಯಿಮಾತೇ ಇಲ್ಲಿ ಇಂಗ್ಲಿಷಿಗೆ ಹತ್ತಿರ. ಯಾವ ಮಾತನ್ನು 'ಹಳ್ಳಿ ಭಾಷಾ' ಎಂದು ತಿದ್ದುತ್ತೇವೋ ಅದೇ ಮಾತು ಈ ಪಾಠಕ್ಕೆ ಒಳ್ಳೆಯ ದಾರಿ.

ಇನ್ನು ಕಾಮಾದ ಪ್ರಶ್ನೆ. ಅಪೊಸಿಟಿವ್‌ನಲ್ಲಿ ಎರಡು ಜಾತಿ. ಒಂದು, ಯಾರೆಂದು ಗುರುತು ಹಿಡಿಸುವುದು, ಅದಿಲ್ಲದಿದ್ದರೆ ವಾಕ್ಯವೇ ಕುಂಟುತ್ತದೆ, ಅದಕ್ಕೆ ಕಾಮಾ ಇಲ್ಲ. ಇನ್ನೊಂದು, ಗುರುತು ಆಗಲೇ ಹತ್ತಿದವರ ಬಗ್ಗೆ ಹೆಚ್ಚಿನ ಮಾತು ಹೇಳುವುದು, ಅದಕ್ಕೆ ಎರಡೂ ಕಡೆ ಕಾಮಾ. 'ಸವಾಯಿ ಗಂಧರ್ವಾಸ್ ಡಿಸೈಪಲ್ ಭೀಮಸೇನ ಜೋಶಿ' ಎಂದು ಬರೆಯುವಾಗ ಕಾಮಾ ಹಾಕುವಂತಿಲ್ಲ, ಯಾಕೆಂದರೆ ಗಂಗೂಬಾಯಿ ಹಾನಗಲ್ಲರೂ ಅವರ ಶಿಷ್ಯೆ, ಫಿರೋಜ್ ದಸ್ತೂರರೂ ಅವರ ಶಿಷ್ಯ. ಹೆಸರು ಹೇಳದಿದ್ದರೆ ಯಾವ ಶಿಷ್ಯನೆಂದು ತಿಳಿಯದು. ಕಾಮಾ ಎಲ್ಲಿ ಎಂಬುದನ್ನು ತೀರ್ಮಾನಿಸುವುದು ಹೀಗೆ ಲೋಕದ ತಿಳಿವಳಿಕೆ. 'ಮೈ ಬ್ರದರ್' ಆದಮೇಲೆ ಕಾಮಾ ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಉತ್ತರ ಆ ಮಗುವಿನ ಮನೆಯಲ್ಲಿದೆ: ಅಣ್ಣತಮ್ಮಂದಿರು ಎಷ್ಟು ಮಂದಿ? ಒಬ್ಬನೇ ಆದರೆ ಕಾಮಾ ಹಾಕು, ಹೆಚ್ಚಿದ್ದರೆ ಬಿಡು. ಇದನ್ನು ಕನ್ನಡದಲ್ಲಿ ಹೇಳಿದರೆ ಐದು ನಿಮಿಷದ ಕೆಲಸ. ಬರೀ ಇಂಗ್ಲಿಷಿನಲ್ಲಿ ಹೇಳಹೊರಟರೆ 'ರಿಸ್ಟ್ರಿಕ್ಟಿವ್', 'ನಾನ್ ರಿಸ್ಟ್ರಿಕ್ಟಿವ್' ಅನ್ನುವ ಎರಡು ಪದಗಳನ್ನು ಬೋರ್ಡಿನ ಮೇಲೆ ಬರೆಸಿ, ವ್ಯಾಖ್ಯೆ ಬಾಯಿಪಾಠ ಮಾಡಿಸುವುದರೊಳಗೆ ಗಂಟೆ ಹೊಡೆಯುತ್ತದೆ.

ಕನ್ನಡ ಇಷ್ಟಕ್ಕೇ ನಿಲ್ಲುವುದಿಲ್ಲ. ಈ ಎರಡು ಜಾತಿಗೆ ನಮ್ಮ ಭಾಷೆಯಲ್ಲಿ ಎರಡು ಕೊಂಡಿಗಳಿವೆ, 'ಎಂಬ' ಮತ್ತು 'ಆದ'. ಹೆಸರಿನಿಂದಲೇ ಗುರುತು ಹತ್ತಬೇಕಾದಲ್ಲಿ 'ಬಸವರಾಜ ಎಂಬ ಅಣ್ಣ'. ಗುರುತು ಹತ್ತಿದವನ ಬಗ್ಗೆ ಹೆಚ್ಚು ಹೇಳುವಲ್ಲಿ 'ಗಿರಣಿ ಮಾಲಕನಾದ ಮಲ್ಲಪ್ಪ'. ಎಂಬ ಹೊಂದುವಲ್ಲಿ ಇಂಗ್ಲಿಷ್ ಬಹುತೇಕ ಕಾಮಾ ಹಾಕುವುದಿಲ್ಲ, ಆದ ಹೊಂದುವಲ್ಲಿ ಬಹುತೇಕ ಹಾಕುತ್ತದೆ. 'ಎತ್ತರವಾದ' ಎಂಬಂತೆ ಗುಣ ಹೇಳುವ ಪದಕ್ಕೂ 'ಆದ' ಸೇರುತ್ತದೆ, ಹಾಗಾಗಿ ಕಾಮಾಗಳ ನಡುವಿನದು ನಾಮಪದ ಹೌದೋ ಅಲ್ಲವೋ ಎಂದು ಮೊದಲು ನೋಡಬೇಕು. ಆ ಎಚ್ಚರ ಇಟ್ಟುಕೊಂಡರೆ ಈ ಪರೀಕ್ಷೆ ಹುಡುಗರನ್ನು ದಾರಿ ತಪ್ಪಿಸುವುದು ಅಪರೂಪ.

ಇದಕ್ಕಿಂತ ಮುಂದಿನ ಹೆಜ್ಜೆಯಲ್ಲಿ ಕನ್ನಡದ ಮಗು ಇಂಗ್ಲಿಷಿಗಿಂತ ಸ್ಪಷ್ಟವಾಗಿಯೇ ನೋಡಬಲ್ಲದು. ಇಂಗ್ಲಿಷಿನ 'ದ್ಯಾಟ್' ಎರಡು ಬೇರೆ ಕೆಲಸಗಳನ್ನು ಒಂದೇ ವೇಷದಲ್ಲಿ ಮಾಡುತ್ತದೆ. ಒಮ್ಮೆ ಒಂಬತ್ತನೆಯ ಇಯತ್ತೆಯಲ್ಲಿ ಬೋರ್ಡಿನ ಮೇಲೆ ಎರಡು ವಾಕ್ಯ ಬರೆದೆ. "ದ ನ್ಯೂಸ್ ದ್ಯಾಟ್ ವಾಟರ್ ಹ್ಯಾಡ್ ಕಮ್ ಇಂಟು ದ ಕೆನಾಲ್ ಮೇಡ್ ಅಸ್ ಹ್ಯಾಪಿ." ಅದರ ಕೆಳಗೆ, "ದ ನ್ಯೂಸ್ ದ್ಯಾಟ್ ಹಿ ಬ್ರಾಟ್ ಮೇಡ್ ಅಸ್ ಹ್ಯಾಪಿ." ಎರಡರಲ್ಲೂ 'ದ ನ್ಯೂಸ್ ದ್ಯಾಟ್' ಇದೆಯಲ್ಲ, ಎರಡೂ ಒಂದೇ ಏನು ಎಂದು ಕೇಳಿದೆ. ಕ್ಲಾಸು ಸುಮ್ಮನಿತ್ತು. ಕನ್ನಡದಾಗ ಹೇಳ್ರಿ ಅಂದೆ. ಕೂಲಿ ಮಾಡುವವರ ಮನೆಯ ಒಬ್ಬ ಹುಡುಗಿ, ಎಂದೂ ಕೈ ಎತ್ತದವಳು, ಎದ್ದು ನಿಂತಳು. "ಸರ, ಮೊದಲನೇದಕ್ಕ 'ಅನ್ನೂ' ಹತ್ತತೈತ್ರಿ, ಎರಡನೇದಕ್ಕ ಹತ್ತೂದಿಲ್ರಿ. ನೀರು ಬಂತನ್ನೂ ಸುದ್ದಿ. ಅಂವಾ ತಂದ ಸುದ್ದಿ." ಯಾಕವಾ ಹಂಗ, ಅಂದೆ. "ಮೊದಲನೇದರಾಗ ನೀರು ಬಂದದ್ದ ಸುದ್ದಿ ರೀ. ಎರಡನೇದರಾಗ ಸುದ್ದಿ ಏನಂತ ಹೇಳೇ ಇಲ್ರಿ."

ಇಂಗ್ಲಿಷ್ ವ್ಯಾಕರಣಕಾರರು ಅಪೊಸಿಟಿವ್ ಉಪವಾಕ್ಯಕ್ಕೂ ಸಂಬಂಧಸೂಚಕ ಉಪವಾಕ್ಯಕ್ಕೂ ಹೇಳುವ ಭೇದ ಇದೇ. ಮೊದಲನೆಯದರಲ್ಲಿ ಉಪವಾಕ್ಯವೇ ಸುದ್ದಿ, ಎರಡೂ ಒಂದೇ. ಎರಡನೆಯದರಲ್ಲಿ ಉಪವಾಕ್ಯ ಸುದ್ದಿಯನ್ನು ಯಾರು ತಂದರೆಂದಷ್ಟೇ ಹೇಳುತ್ತದೆ. ಕಾಲೇಜಿನಲ್ಲಿ ಇಂಗ್ಲಿಷ್ ಓದುವವರೂ ತಡವರಿಸುವ ಈ ಭೇದವನ್ನು ಕನ್ನಡ ಬೇರೆಬೇರೆ ರೂಪ ಕೊಟ್ಟು ಕಣ್ಣಿಗೆ ಕಾಣುವಂತೆ ಇಟ್ಟಿದೆ. ಅದನ್ನು ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ. ಮಾತು ಬಂದಂದಿನಿಂದ ಅವಳಲ್ಲಿತ್ತು. ಇಂಥ ಮಗುವಿಗೆ ವ್ಯಾಕರಣ ತಲೆಗೆ ಹತ್ತುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಪರೀಕ್ಷೆಯ ಹುಡುಗರು ಎಡವುವ ಇನ್ನೊಂದು ಜಾಗ ಕ್ರಿಯಾಪದದ ವಚನ. ನವಲಗುಂದದ ಕಪ್ಪು ನೆಲದ ಊರುಗಳಲ್ಲಿ ಬೋರಿನ ನೀರು ಸವಳು, ಕುಡಿಯಲಿಕ್ಕೆ ಕೆರೆಯೇ ಗತಿ. "ದ ಟ್ಯಾಂಕ್ಸ್, ದ ಓನ್ಲಿ ಸೋರ್ಸ್ ಆಫ್ ಡ್ರಿಂಕಿಂಗ್ ವಾಟರ್, ಆರ್ ಡ್ರೈ." ಇಲ್ಲಿ 'ಈಸ್' ಹಾಕಿ ಅಂಕ ಕಳೆದುಕೊಳ್ಳುವವರು ಬಹಳ, ಯಾಕೆಂದರೆ ಕಣ್ಣಿಗೆ ಹತ್ತಿರ ಇರುವುದು 'ವಾಟರ್'. ಅದೇ ಹುಡುಗನನ್ನು ಊರ ಸುದ್ದಿ ಕೇಳಿದರೆ "ಕೆರಿ ಎಲ್ಲಾ ಬತ್ತ್ಯಾವ್ರಿ" ಅನ್ನುತ್ತಾನೆ. 'ಐತಿ', 'ಅದಾವ' ಎರಡನ್ನೂ ಅದಲುಬದಲು ಮಾಡುವ ಅಭ್ಯಾಸ ಧಾರವಾಡದ ಕಡೆಯ ನಾಲಿಗೆಗೆ ಇಲ್ಲ. ನಡುವಿನ ವಿವರ ಎಷ್ಟೇ ಉದ್ದವಿರಲಿ, ಕ್ರಿಯಾಪದ ಹೊಂದಬೇಕಾದದ್ದು ಕೆರೆಗಳಿಗೆ ಎಂದು ಅವನ ಕನ್ನಡಕ್ಕೆ ಗೊತ್ತು. ಅದನ್ನು ಕೇಳಿ ನೋಡು ಎಂದು ಹೇಳಿಕೊಡುವವರು ಬೇಕು.

ಈ ನೆಲಕ್ಕೆ ಅಪೊಸಿಟಿವ್ ಎಷ್ಟು ಹಳೆಯದೆಂದು ತಿಳಿಯಲು ಅಣ್ಣಿಗೇರಿಗೆ ಹೋಗಬೇಕು. ಬೆಳ್ವೊಲ ಮುನ್ನೂರರ ಕೇಂದ್ರವಾಗಿದ್ದ ಊರು, ಹನ್ನೊಂದನೆಯ ಶತಮಾನದ ಅಮೃತೇಶ್ವರ ಗುಡಿಯ ಊರು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅರಸನ ಹೆಸರು ಬರುವ ಮೊದಲು ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಳುಕ್ಯಾಭರಣ ಎಂದು ಸಾಲುಸಾಲಾಗಿ ಬಿರುದುಗಳು ಬರುತ್ತವೆ. ಎಲ್ಲವೂ ನಾಮಪದ, ಎಲ್ಲವೂ ಒಬ್ಬನನ್ನೇ ಹೇಳುವುದು. ಪಂಪನಿಗೂ ಅಣ್ಣಿಗೇರಿಗೂ ಇರುವ ಸಂಬಂಧ ನಮಗೆ ತಿಳಿದದ್ದು ಅವನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ತಮ್ಮ ತಾಯಿ ಅಬ್ಬಣಬ್ಬೆಯ ಮನೆತನ ಅಣ್ಣಿಗೇರಿಯದೆಂದು ಗುರುತು ಹೇಳಿದ್ದರಿಂದ. ಆ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯಲ್ಲಿದೆ. ಒಂದು ಬಂಡೆಯ ಮೇಲೆ ಮೂರು ಭಾಷೆ ಅಕ್ಕಪಕ್ಕ ಇದ್ದರೆ ಒಂದರಿಂದ ಇನ್ನೊಂದು ಕೆಡುತ್ತದೆಂದು ಸಾವಿರ ವರ್ಷದ ಹಿಂದಿನ ನಮ್ಮವರಿಗೆ ಅನ್ನಿಸಲಿಲ್ಲ.

ಎದುರಿನವರ ವಾದದಲ್ಲಿ ತೂಕವಿರುವ ಮಾತೊಂದಿದೆ, ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಕಲಘಟಗಿಯ ಕಾಡಂಚಿನ ಊರಿನ ಮಗುವಿಗೆ ಇಂಗ್ಲಿಷ್ ಕಿವಿಗೆ ಬೀಳುವುದು ದಿನಕ್ಕೆ ಒಂದೇ ಪಿರಿಯಡ್. ಅದರಲ್ಲೂ ಕನ್ನಡ ತುರುಕಿದರೆ ಇಂಗ್ಲಿಷ್ ಕೇಳುವುದು ಯಾವಾಗ ಎಂದು ಅವರು ಕೇಳುತ್ತಾರೆ. ಪಾಠವನ್ನೆಲ್ಲ ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ, ಪ್ರಶ್ನೋತ್ತರ ಬರೆಸಿ ಪಿರಿಯಡ್ ಮುಗಿಸುವ ರೂಢಿ ಇದೆ. ಅದು ಕಲಿಸುವುದೇ ಅಲ್ಲ, ಅದನ್ನು ನಾನೂ ವಿರೋಧಿಸುತ್ತೇನೆ. ಆದರೆ ಅದಕ್ಕೂ, ವ್ಯಾಕರಣದ ಒಂದು ಬಿಂದುವನ್ನು ಮಗುವಿನ ಮಾತಿನಿಂದಲೇ ಹೊರತೆಗೆದು ತೋರಿಸುವುದಕ್ಕೂ ಸಂಬಂಧವಿಲ್ಲ. ಸುತ್ತಲೂ ಇಂಗ್ಲಿಷ್ ಇದ್ದಾಗ ಮಗು ಇಂಗ್ಲಿಷಿನಿಂದಲೇ ಇಂಗ್ಲಿಷ್ ಕಲಿಯುತ್ತದೆ, ಒಪ್ಪುತ್ತೇನೆ. ಸುತ್ತಲೂ ಇಲ್ಲದಿದ್ದಾಗ, ನಲವತ್ತು ನಿಮಿಷ ಅರ್ಥವಾಗದ ಶಬ್ದ ಕೇಳಿಸಿದರೆ ಅದನ್ನು ಭಾಷೆಯ ವಾತಾವರಣ ಅನ್ನಲಾಗದು.

2007-08ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಬೇಗ ಶುರು ಮಾಡಿ, ಹೆಚ್ಚು ಹೊತ್ತು ಕೊಡಿ ಅನ್ನುವವರ ಮಾತು ಇಷ್ಟರ ಮಟ್ಟಿಗೆ ನಡೆದಿದೆ. ಹತ್ತು ವರ್ಷ ಇಂಗ್ಲಿಷ್ ಓದಿ ಬಂದ ಹುಡುಗ ಕಾಮಾ ನೋಡಿ ಅಪೊಸಿಟಿವ್ ಹುಡುಕುತ್ತಿದ್ದಾನೆಂದರೆ ಕೊರತೆ ವರ್ಷಗಳದ್ದಲ್ಲ, ಕಲಿಸುವ ಬಗೆಯದು. ಮಕ್ಕಳ ಮನೆಮಾತುಗಳನ್ನು ಕಲಿಕೆಯ ಸಂಪನ್ಮೂಲವೆಂದು ಬಳಸಿರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅದು ಕಾಗದದಿಂದ ಇಳಿದು ನಮ್ಮ ಕ್ಲಾಸುಗಳಿಗೆ ಇನ್ನೂ ಬಂದಿಲ್ಲ. ಈ ನಡುವೆ ಹಾನಿ ಆಗುತ್ತಲೇ ಇದೆ. 'ನನಗ ಇಂಗ್ಲಿಷ್ ಬರೂದಿಲ್ಲ' ಎಂದು ಮಗು ಎಂಟನೆಯ ಇಯತ್ತೆಗೇ ನಂಬಿಬಿಟ್ಟರೆ ಪಿಯುಸಿಯಲ್ಲಿ ವಿಜ್ಞಾನ ಬಿಡುತ್ತದೆ, ಡಿಗ್ರಿಯಲ್ಲಿ ಅರ್ಜಿ ಹಾಕಲು ಹಿಂಜರಿಯುತ್ತದೆ. ಈ ನಂಬಿಕೆಯನ್ನು ಬಿತ್ತಿದವರು ನಾವು, ದೊಡ್ಡವರು.

ಇದೇ ಧಾರವಾಡಕ್ಕೆ 1853ರಲ್ಲಿ ಫರ್ಡಿನಂಡ್ ಕಿಟ್ಟೆಲ್ ಬಂದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು, 1903ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದವು. ಮನೆಮಾತು ಜರ್ಮನ್ ಆದ ಒಬ್ಬ ಮನುಷ್ಯ ಕನ್ನಡದ ಒಂದೊಂದು ಪದವನ್ನೂ, ಪ್ರತ್ಯಯವನ್ನೂ ಇನ್ನೊಂದು ಭಾಷೆಯ ಪಕ್ಕದಲ್ಲಿಟ್ಟು ವಿವರಿಸಿದರು, ಕನ್ನಡ ಕೆಡಲಿಲ್ಲ. ನಮ್ಮ ಭಾಷೆ ಕಲಿಯಲು ಅವರು ತಮಗೆ ಬರುವ ಭಾಷೆಗಳನ್ನು ಬಳಸಿಕೊಂಡದ್ದು ವಿದ್ವತ್ತು ಎಂದು ಗೌರವಿಸುತ್ತೇವೆ. ಕುಂದಗೋಳದ ಹುಡುಗಿ ಇಂಗ್ಲಿಷ್ ಕಲಿಯಲು ತನಗೆ ಬರುವ ಭಾಷೆಯನ್ನು ಬಳಸಿಕೊಂಡರೆ ಮಾತ್ರ ದೌರ್ಬಲ್ಯ ಅನ್ನುವುದು ಯಾವ ನ್ಯಾಯ?

ಇದಕ್ಕೆ ಹೊಸ ಅನುದಾನ ಬೇಡ, ಹೊಸ ಕೋಣೆ ಬೇಡ. ಒಂದೇ ಸ್ಟಾಫ್ ರೂಮಿನಲ್ಲಿ ಕನ್ನಡದ ಶಿಕ್ಷಕರೂ ಇಂಗ್ಲಿಷಿನ ಶಿಕ್ಷಕರೂ ಕೂರುತ್ತಾರೆ. ಕನ್ನಡದ ಪಿರಿಯಡ್ಡಿನಲ್ಲಿ ಕರ್ಮಧಾರಯ ಸಮಾಸ ನಡೆಯುತ್ತದೆ. ಎರಡು ಪದಗಳು ಒಂದೇ ವಸ್ತುವನ್ನು ಹೇಳುವುದಕ್ಕೆ ಪಾಣಿನಿ ಸಮಾನಾಧಿಕರಣ ಅಂದ, ಕರ್ಮಧಾರಯದ ಲಕ್ಷಣವನ್ನೇ ಅದರ ಮೇಲೆ ನಿಲ್ಲಿಸಿದ. ಅಪೊಸಿಟಿವ್‌ನ ತಿರುಳೂ ಅದೇ. ಎರಡು ಪಿರಿಯಡ್ ಬಿಟ್ಟು ಅದೇ ಮಕ್ಕಳ ಮುಂದೆ ಅದೇ ವಿಷಯ ಬೇರೆ ಹೆಸರಿನಲ್ಲಿ ಬಂದು ನಿಲ್ಲುತ್ತದೆ, ಇದು ನಿಮಗೆ ಗೊತ್ತಿರುವುದೇ ಎಂದು ಹೇಳುವವರಿಲ್ಲ. ಇಬ್ಬರು ಶಿಕ್ಷಕರು ಅರ್ಧ ತಾಸು ಕೂತು ಮಾತಾಡಿದರೆ ಈ ಗೋಡೆ ಬೀಳುತ್ತದೆ. ತಾಲೂಕು ಮಟ್ಟ‌ದ ತರಬೇತಿಗಳಲ್ಲಿ ಇಂಗ್ಲಿಷಿನವರನ್ನೇ ಬೇರೆ, ಕನ್ನಡದವರನ್ನೇ ಬೇರೆ ಕೂಡಿಸುವುದನ್ನು ಒಂದು ದಿನದ ಮಟ್ಟಿಗಾದರೂ ನಿಲ್ಲಿಸಬೇಕು.

ಹಾಗಾದರೆ ಇಂಗ್ಲಿಷ್ ಬಾಯಿಗೆ ಬರುವುದು ಯಾವಾಗ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಮೊದಲ ಐದು ನಿಮಿಷ ಕನ್ನಡದಲ್ಲಿ ಗುರುತು ಹಿಡಿಸಿ, ಉಳಿದ ಮೂವತ್ತೈದು ನಿಮಿಷ ಪೂರ್ತಿ ಇಂಗ್ಲಿಷ್ ನಡೆಸಿ. ಗೈಡಿನ ವಾಕ್ಯ ಬೇಡ, ಮಕ್ಕಳು ತಮ್ಮ ಮನೆಯವರ, ತಮ್ಮ ಊರಿನ ಬಗ್ಗೆ ಬರೆಯಲಿ, ಬರೆದದ್ದನ್ನು ಎದ್ದು ನಿಂತು ಓದಲಿ. ಕಲಘಟಗಿಯವರು "ಮೈ ಅಂಕಲ್, ಎ ಮೇಕರ್ ಆಫ್ ಪೇಂಟೆಡ್ ಕ್ರೇಡಲ್ಸ್, ವರ್ಕ್ಸ್ ಅಟ್ ಹೋಮ್" ಎಂದು ಓದಲಿ. ನವಲಗುಂದದವರು ತಮ್ಮ ಊರ ಜಮಖಾನದ ಬಗ್ಗೆ, ಅದನ್ನು ನೇಯುವ ಹೆಣ್ಣುಮಕ್ಕಳ ಬಗ್ಗೆ ಓದಲಿ. ಕ್ಲಾಸಿನ ಒಂದೊಂದು ಮಗುವೂ ಇಂಥ ಮೂರು ವಾಕ್ಯ ಓದಿ, ಪಕ್ಕದ ಮಗು ಅದಕ್ಕೆ ಇಂಗ್ಲಿಷಿನಲ್ಲೇ ಒಂದು ಪ್ರಶ್ನೆ ಕೇಳಿದರೆ, ಕನ್ನಡ ಬೇಡವೆಂದು ಬಾಯಿ ಕಟ್ಟಿದ ಕ್ಲಾಸಿನಲ್ಲಿ ವಾರವಿಡೀ ಕೇಳದಷ್ಟು ಇಂಗ್ಲಿಷ್ ಆ ಒಂದೇ ಪಿರಿಯಡ್ಡಿನಲ್ಲಿ ಕೇಳಿಸುತ್ತದೆ.